ಹಗೇವಿನ ಬಾಯಿ

ಗಂಗುಬಾಯಿಯ ಗಂಡ ಸತ್ತ ಜಾಗದ ಮೇಲೆ ಈಗ ಕರಿಕಲ್ಲು ಹಾಸಿದ್ದಾರೆ. ಆ ಕಲ್ಲಿನ ಕೆಳಗಿನ ಮಣ್ಣನ್ನು ಬಡಿದು ಬಡಿದು ಗಟ್ಟಿ ಮಾಡಿದವಳು ಅವಳೇ.

ಅಕ್ಕಲಕೋಟೆ ಒಂದು ಕಾಲಕ್ಕೆ ಸಂಸ್ಥಾನದ ರಾಜಧಾನಿ. ರಾಜರು ಹೋದರು, ಬೀದಿ ಉಳಿಯಿತು. ಹಳೆ ಪೇಟೆಯ ನಡುವೆ ಹಾದು ಹೋಗುವ ಆ ಇಕ್ಕಟ್ಟು ಬೀದಿಗೆ ಮಂದಿ ವಾಡೆ ಬೀದಿ ಅನ್ನುತ್ತಾರೆ. ಎರಡೂ ಕಡೆ ಸಾವುಕಾರರ ಹಳೆ ವಾಡೆಗಳು. ಎತ್ತರದ ಕಟ್ಟೆ, ದಪ್ಪ ಬಾಗಿಲು, ಮಾಳಿಗೆಯ ಮೇಲೆ ಕಟ್ಟಿಗೆಯ ಕಿಟಕಿ. ಇನ್ನು ಮೇಲೆ ಅಲ್ಲಿ ಗಾಡಿ ಓಡಬಾರದು, ಮಂದಿ ಬರೀ ನಡೆದಾಡಬೇಕು, ಊರಿನ ಗುಡಿಗೆ ಸ್ವಾಮಿಯ ದರ್ಶನಕ್ಕೆಂದು ಬಂದ ಯಾತ್ರಿಕರು ಹಾಗೇ ಅಡ್ಡಾಡುತ್ತ ಹಳೆ ರಾಜಧಾನಿ ನೋಡಬೇಕು ಎಂದು ಮೇಲಿನವರು ತೀರ್ಮಾನಿಸಿದರು. ಡಾಂಬರು ಕಿತ್ತು ಕಲ್ಲು ಹಾಸುವ ಗುತ್ತಿಗೆ ಸಿದ್ಧೇಶ್ವರನಿಗೆ ಸಿಕ್ಕಿತು. ಸೋಲಾಪುರದಲ್ಲಿ ಜೋಳದ ವ್ಯಾಪಾರ ಮಾಡುವ ಸಾತಲಿಂಗಪ್ಪ ಸಾವುಕಾರನ ಮಗ ಅವನು. ಅದೇ ಬೀದಿಯಲ್ಲಿ ಅವರ ಮುತ್ತಜ್ಜನ ವಾಡೆಯೂ ಇತ್ತು. ಅದನ್ನು ಯಾತ್ರಿಕರು ಇಳಿದುಕೊಳ್ಳುವ ಲಾಡ್ಜ್ ಮಾಡುವ ಕೆಲಸವನ್ನೂ ಜೊತೆಗೇ ಎತ್ತಿಕೊಂಡಿದ್ದ.

ಗಂಗುಬಾಯಿ, ಅವಳ ಗಂಡ ಅಮೋಗಸಿದ್ಧ ಇಬ್ಬರೂ ಹನ್ನೂರಿನಿಂದ ದಿನಾ ಕೂಲಿಗೆ ಬರುತ್ತಿದ್ದರು. ಕುರಿ ಕಾಯುವ ಮನೆತನ. ಮಾಳಕ್ಕೆ ಸೋಲಾರ್ ಕಂಪನಿಯವರು ತಂತಿ ಬೇಲಿ ಎಳೆದರು. ಹಿಂಡು ಮೇಯಲು ನೆಲವಿಲ್ಲದಾಯಿತು. ಉಳಿದ ನಾಲ್ಕಾರು ಕುರಿಗಳನ್ನು ಅಮೋಗಸಿದ್ಧನ ತಾಯಿ ಜನಾಬಾಯಿ ನೋಡಿಕೊಳ್ಳುತ್ತಿದ್ದಳು. ಗಂಡ ಹೆಂಡತಿ ಬುತ್ತಿ ಕಟ್ಟಿಕೊಂಡು ಬೆಳಗಿನ ಎಸ್ಟಿ ಬಸ್ಸು ಹತ್ತುತ್ತಿದ್ದರು. ಅವನು ಅಗೆಯುತ್ತಿದ್ದ, ಅವಳು ಹೊರುತ್ತಿದ್ದಳು. ಕುರಿಯ ಹಿಂದೆ ಹರದಾರಿಗಟ್ಟಲೆ ನಡೆದ ಕಾಲುಗಳು ಒಂದೇ ಬೀದಿಯಲ್ಲಿ ಹೋಗಿ ಬಂದು ಹೋಗಿ ಬಂದು ಸವೆದವು.

ಗಟಾರಿಗೆಂದು ಅಗೆಯುವಾಗ ಸಾವುಕಾರರ ವಾಡೆಯ ಎದುರಿಗೇ ಗುದ್ದಲಿ ಟೊಳ್ಳು ಸದ್ದು ಮಾಡಿತು. ಮಣ್ಣು ಸರಿಸಿದರೆ ದುಂಡನೆಯ ಚಪ್ಪಡಿ. ಚಪ್ಪಡಿ ಸರಿಸಿದರೆ ಕತ್ತಲೆ. ಹಗೇವು. ನೆಲದೊಳಗೆ ಗಡಿಗೆಯ ಹಾಗೆ ಕೊರೆದು, ಮೇಲೆ ಸಣ್ಣ ಬಾಯಿ ಬಿಟ್ಟು, ಒಳಗೆ ಜೋಳ ತುಂಬಿ ಮುಚ್ಚುತ್ತಿದ್ದರಲ್ಲ, ಅದು. ಯಾರ ಕಾಲದ್ದೋ. ಬಾಯಿ ತೆರೆದೊಡನೆ ಒಂದು ನಾತ ಎದ್ದಿತು. ಕೆಲಸದ ಹೆಂಗಸರು ಸೆರಗಿನಿಂದ ಮೂಗು ಮುಚ್ಚಿಕೊಂಡು ಹಿಂದೆ ಸರಿದರು.

ಸಿದ್ಧೇಶ್ವರ ಓಡಿ ಬಂದ.

"ಯಾರಿಗೂ ಹೇಳಬ್ಯಾಡ್ರಿ. ಹಳೇದೇನರೆ ಸಿಕ್ಕಿತಂದ್ರ ಸರಕಾರದವ್ರು ಬಂದು ಕೆಲಸಾ ನಿಂದರಸತಾರ. ಒಳಗ ಏನೈತಿ ನೋಡಿ, ಇವತ್ತ ಮುಚ್ಚಬೇಕು. ಅಮೋಗಸಿದ್ಧ, ಇಳಿ."

ಅಮೋಗಸಿದ್ಧ ಗುದ್ದಲಿ ಕೆಳಗಿಟ್ಟ.

"ಭಾಳ ವರ್ಷದಿಂದ ಮುಚ್ಚೇತ್ರಿ ಇದು. ಒಳಗಿನ ಹವಾ ಕೆಟ್ಟಿರತೈತಿ. ಒಂದೆರಡ ದಿನ ಬಾಯಿ ತೆರದ ಇಡೂಣ್ರಿ."

"ಎರಡ ದಿನ ನಿನ್ನ ಅಪ್ಪ ಕಾಯತಾನೇನು? ಇಳಿ ಅಂದ್ರ ಇಳಿ."

"ನಾ ಒಲ್ಲೆರಿ."

ಕೂಲಿಯವನೊಬ್ಬ ಒಲ್ಲೆ ಅಂದದ್ದು ಸಿದ್ಧೇಶ್ವರನ ಕಿವಿಗೆ ಹೊಸದು.

"ಒಲ್ಲೆ ಅಂದ್ರ ನಾಳಿಂದ ಗಂಡಾ ಹೆಂಡತಿ ಇಬ್ಬರೂ ಬರಬ್ಯಾಡ್ರಿ. ನಿಮ್ಮ ಊರಾಗಿಂದ ಒಬ್ಬರೂ ಬರಬ್ಯಾಡ್ರಿ. ಕುರಿ ಕಾಯೂ ಮಂದಿನ ಕರದು ಕೆಲಸಾ ಕೊಟ್ಟೀನಲ್ಲ, ನಂದ ತಪ್ಪು."

ಹನ್ನೂರಿನ ಹತ್ತು ಹನ್ನೆರಡು ಮಂದಿ ಅಲ್ಲಿ ನಿಂತಿದ್ದರು. ಅವರು ಯಾರೂ ಇಳಿ ಅನ್ನಲಿಲ್ಲ. ಇಳಿಯಬೇಡ ಅಂತಲೂ ಅನ್ನಲಿಲ್ಲ. ಅಮೋಗಸಿದ್ಧ ಅವರ ಮುಖ ನೋಡಿದ. ರುಮಾಲು ಬಿಚ್ಚಿ ಮೂಗು ಬಾಯಿಗೆ ಕಟ್ಟಿಕೊಂಡ. ಸೊಂಟಕ್ಕೆ ಹಗ್ಗ ಬಿಗಿದುಕೊಂಡ. ಇನ್ನೊಂದು ತುದಿಯನ್ನು ಅವರದೇ ಊರಿನ ರಾಚಪ್ಪನ ಕೈಗೆ ಕೊಟ್ಟ. ಗಂಗುಬಾಯಿ ತಲೆಯ ಮೇಲಿನ ಬುಟ್ಟಿ ಇಳಿಸದೆ ಹಾಗೇ ನಿಂತಿದ್ದಳು. ಇಳಿಸಿದ್ದರೆ ಓಡಿಹೋಗಿ ಅವನ ಕೈ ಹಿಡಿಯುತ್ತಿದ್ದೆನೇನೋ ಎಂದು ಆಮೇಲೆ ಎಷ್ಟೋ ಸಲ ಅನಿಸಿತು ಅವಳಿಗೆ.

ಒಳಗಿನಿಂದ ಒಂದು ಕೆಮ್ಮು ಕೇಳಿಸಿತು. ಇನ್ನೊಂದು. ಆಮೇಲೆ ಎಳೀರಿ ಎಂಬಂಥ ಸದ್ದು. ಆಮೇಲೆ ಏನೂ ಇಲ್ಲ.

ಎಳೆದರು. ಹಗೇವಿನ ಹೊಟ್ಟೆ ದೊಡ್ಡದು, ಕೊರಳು ಸಣ್ಣದು. ಸತ್ವ ಹೋದ ಮೈ ಕೊರಳಲ್ಲಿ ಸಿಕ್ಕಿಕೊಂಡಿತು. ರಾಚಪ್ಪ ನಾನೇ ಇಳಿಯುತ್ತೇನೆಂದು ಬಗ್ಗಿದ. ಹಿಂದಿನವರು ಅವನ ಅಂಗಿ ಹಿಡಿದು ಜಗ್ಗಿದರು. ಹಗೇವಿನ ಬಾಯಿಯ ಅಂಚು ಒಡೆದು, ಮತ್ತೆ ಎಳೆದು, ಭುಜದ ಚರ್ಮ ಕಿತ್ತು ಅವನು ಮೇಲೆ ಬಂದಾಗ ಮುಖ ನೀಲಿಯಾಗಿತ್ತು. ಮೂಗಿನ ಹೊಳ್ಳೆಯಲ್ಲಿ ಕಪ್ಪು ಹುಡಿ. ಗಂಗುಬಾಯಿ ಅವನ ಮೇಲೆ ಬಿದ್ದಳು. ಬಾಯಿಗೆ ಬಾಯಿ ಹಚ್ಚಿದಳು. ಕೊಳೆತ ಜೋಳದ ನಾತ ಅವಳ ಗಂಟಲಿಗೆ ಇಳಿಯಿತು.

"ಕುಡದಿದ್ದ," ಅಂದ ಸಿದ್ಧೇಶ್ವರ. ಅವನ ದನಿ ನಡುಗುತ್ತಿತ್ತು. ಎರಡನೆಯ ಸಲ ಅನ್ನುವಾಗ ನಡುಗಲಿಲ್ಲ. "ಬೆಳಿಗ್ಗಿಂದ ನೋಡಾಕತ್ತೀನಿ, ಕುಡದ ಬಂದಿದ್ದ. ತೋಲ ತಪ್ಪಿ ಬಿದ್ದಾನ. ಗಾಡಿ ತರಸ್ರಿ, ಊರಿಗೆ ಒಯ್ಯೂಣು."

"ಕುಡದಿಲ್ರಿ," ಅಂದಳು ಗಂಗುಬಾಯಿ. "ಮೂಸಿ ನೋಡ್ರಿ. ಬರ್ರಿ, ಯಾರರೆ ಬಂದು ಮೂಸಿ ನೋಡ್ರಿ."

ಯಾರೂ ಬರಲಿಲ್ಲ.

ಹೆಣವನ್ನು ಟೆಂಪೋಕ್ಕೆ ಹಾಕಿದರು. ಟೆಂಪೋ ತಿರುಗುವಾಗ ಗಂಗುಬಾಯಿ ಹಿಂದೆ ನೋಡಿದಳು. ಹಗೇವಿಗೆ ಆಗಲೇ ಕಲ್ಲು ಮಣ್ಣು ಸುರಿಯತೊಡಗಿದ್ದರು. ಅವಳ ಬುಟ್ಟಿ ಇನ್ಯಾರದೋ ತಲೆಯ ಮೇಲಿತ್ತು.

ಟೆಂಪೋ ಹನ್ನೂರಿಗೆ ಮುಟ್ಟುವ ಮೊದಲೇ ಫೋನು ಮುಟ್ಟಿತ್ತು. ಅಮೋಗಸಿದ್ಧ ಕುಡಿದು ಬಿದ್ದು ಸತ್ತ. ಊರಿನ ಹಿರಿಯರು ತಲೆ ಕೆಳಗೆ ಹಾಕಿಕೊಂಡು ಬಂದರು. ಕತ್ತಲಾಗುವುದರೊಳಗೆ ಹೂತರು. ಠಾಣೆಗೆ ಯಾರೂ ಹೋಗಲಿಲ್ಲ. ಅಕ್ಕಲಕೋಟೆಯ ಠಾಣೆಗೆ ಇಂಥದೊಂದು ಆಗಿದೆ ಎಂಬುದೇ ಗೊತ್ತಾಗಲಿಲ್ಲ. ಹಗ್ಗ ಹಿಡಿದಿದ್ದ ರಾಚಪ್ಪ ಮರುದಿನ ಹೆಂಡತಿ ಮಕ್ಕಳನ್ನು ಕರೆದುಕೊಂಡು ಮಂಗಳವೇಢೆಯ ಕಡೆ ಜೋಳ ಕೊಯ್ಯಲು ಹೋದ. ಹೋಗುವಾಗ ಗಂಗುಬಾಯಿಯ ಮನೆಯ ಮುಂದಿನಿಂದ ಹೋಗಲಿಲ್ಲ, ಹಿತ್ತಲಿನ ದಾರಿ ಹಿಡಿದ.

ಮಗಳು ಸೋನಾಲಿ ಹನ್ನೆರಡನೆಯ ಇಯತ್ತೆ. ಓದಿದ್ದೆಲ್ಲ ಮರಾಠಿ.

"ಅವ್ವಾ, ತಕ್ರಾರ ಕೊಡೂಣು. ನಾ ಬರದ ಕೊಡತೀನಿ."

"ಬರದರ ಆತೇನ? ನೋಡೀನಿ ಅಂತ ಯಾರ ಹೇಳತಾರ?"

"ನೀ ನೋಡೀಯಲ್ಲ?"

"ನಾ ಹೆಂಡತಿ. ಹೆಂಡತಿ ಮಾತ ಅಳು ಅಂತಾರ, ಸಾಕ್ಷಿ ಅನ್ನೂದಿಲ್ಲ."

ಕರ್ಮಾಂತರ ಮುಗಿದ ಮೇಲೆ ಗಂಗುಬಾಯಿ ಮತ್ತೆ ಅದೇ ಬೀದಿಗೆ ಕೆಲಸಕ್ಕೆ ಹೋದಳು. ಊರವರು ಮಾತಾಡಿಕೊಂಡರು. ಗಂಡನನ್ನು ತಿಂದ ಜಾಗಕ್ಕೇ ಹೋಗುತ್ತಾಳಲ್ಲ, ಏನು ಎದೆ ಇವಳದು. ಮನೆಯಲ್ಲಿ ಕೂತರೆ ಒಲೆ ಹೊತ್ತುವುದಿಲ್ಲ, ಅದು ಒಂದು. ಇನ್ನೊಂದು ಅವಳು ಯಾರಿಗೂ ಹೇಳಲಿಲ್ಲ. ಗಂಡ ಹನ್ನೂರಿನ ಮಣ್ಣಿನಲ್ಲಿ ಇಲ್ಲ. ಹೂತ ಜಾಗದಲ್ಲಿ ಎಷ್ಟು ಹೊತ್ತು ಕೂತರೂ ಅಲ್ಲಿ ಬರೀ ಮಣ್ಣು. ವಾಡೆ ಬೀದಿಯಲ್ಲಿ ಆ ಜಾಗಕ್ಕೆ ಬಂದರೆ ಮಾತ್ರ ಅವಳ ಕಾಲು ಭಾರವಾಗುತ್ತಿತ್ತು, ಯಾರೋ ಸೀರೆಯ ನೆರಿಗೆ ಹಿಡಿದ ಹಾಗೆ.

ಸಿದ್ಧೇಶ್ವರ ಅವಳನ್ನು ನೋಡಿ ಮೊದಲು ಗಾಬರಿಯಾದ. ಆಮೇಲೆ ಒಳ್ಳೆಯದೇ ಆಯಿತು ಅಂದುಕೊಂಡ. ಹೆಂಡತಿಯೇ ಕೆಲಸಕ್ಕೆ ಬಂದಳೆಂದರೆ ತಂಟೆಯಿಲ್ಲ. ಹಗೇವು ಮುಚ್ಚಿದ ಮಣ್ಣು ಕುಸಿಯುತ್ತಿತ್ತು. ಅದನ್ನು ಬಡಿದು ಗಟ್ಟಿ ಮಾಡಬೇಕಿತ್ತು. ಮೇಸ್ತ್ರಿ ಕಬ್ಬಿಣದ ದಿಮ್ಮಸನ್ನು ಅವಳ ಕೈಗೇ ಕೊಟ್ಟ. ಅವನಿಗೆ ಗೊತ್ತಿತ್ತೋ, ಗೊತ್ತಿರಲಿಲ್ಲವೋ. ಅವಳು ಎತ್ತಿದಳು, ಬಡಿದಳು. ಎತ್ತಿದಳು, ಬಡಿದಳು. ಬಳೆಯಿಲ್ಲದ ಕೈ. ಅಂಗೈಯಲ್ಲಿ ಗುಳ್ಳೆ ಎದ್ದು ಒಡೆದು ರಕ್ತ ಹಿಡಿಗೆ ಅಂಟಿತು. ಪ್ರತಿ ಏಟಿಗೂ ಕೆಳಗಿನಿಂದ ಒಂದು ಕೆಮ್ಮು ಬರುತ್ತಿತ್ತು. ಅವಳು ನಿಲ್ಲಿಸಿದರೆ ಅದೂ ನಿಲ್ಲುತ್ತಿತ್ತು. ಪಕ್ಕದಲ್ಲಿದ್ದ ಹೆಂಗಸನ್ನು ಕೇಳಿದಳು.

"ನಿನಗ ಕೇಳಸತೈತೇನು?"

"ಏನು?"

"ಏನಿಲ್ಲ ಬಿಡು."

ಸಂಜೆಗೆ ಎಸ್ಟಿ ಬಸ್ಸಿನಲ್ಲಿ ಕೂತು ಅಂಗೈಗೆ ಸೆರಗು ಸುತ್ತಿಕೊಂಡಳು. ಗಂಡನ ಎದೆಯ ಮೇಲೆ ನಿಂತು ಬಡಿದು ಬಂದೆ. ಇದನ್ನು ಅತ್ತೆಗೆ ಹೇಳಲಿಲ್ಲ.

ಬೀದಿ ಸಿದ್ಧವಾಯಿತು. ಕಲ್ಲಿನ ಹಾಸು, ಕಲ್ಲಿನ ಬೆಂಚು, ಹಳೆ ನಮೂನೆಯ ದೀಪದ ಕಂಬ. ಎರಡೂ ತುದಿಗೆ ಗಾಡಿ ಬಾರದ ಹಾಗೆ ಗಿಡ್ಡ ಕಂಬಗಳನ್ನು ನೆಟ್ಟರು. ಕೊನೆಯ ದಿನ ಹೆಂಗಸರೆಲ್ಲ ಮೊಣಕಾಲೂರಿ ಕಲ್ಲು ತೊಳೆದರು. ಬೆನ್ನು ನೆಟ್ಟಗಾಗದೆ ಗಂಗುಬಾಯಿ ಒಂದು ಬೆಂಚಿನ ತುದಿಗೆ ಕೂತಳು.

"ಏ, ಏಳು. ಉದ್ಘಾಟನಾ ಆಗಿಲ್ಲ ಇನ್ನಾ," ಅಂದ ಮೇಸ್ತ್ರಿ. "ಕೂತ ಜಾಗಾ ಒರಸು."

ಅವಳು ಎದ್ದಳು. ಕೂತ ಜಾಗ ಒರೆಸಿದಳು.

ಬೀದಿಯ ಉದ್ಘಾಟನೆ ಆಯಿತು. ಕೆಲಸ ಮಾಡಿದವರಿಗೆ ಅವತ್ತು ಬರಬೇಡಿ ಅಂದಿದ್ದರು. ಮಂದಿ ಫೋಟೋ ತೆಗೆಸಿಕೊಂಡರು. ಸಾವುಕಾರರ ವಾಡೆಗೂ ಸುಣ್ಣ ಬಣ್ಣವಾಗಿ ಲಾಡ್ಜಿನ ಹಲಗೆ ಬಿತ್ತು. ಗಂಗುಬಾಯಿಗೆ ಬೀದಿ ಗುಡಿಸುವ ಕೆಲಸ ಸಿಗಬಹುದಿತ್ತು. ಅವಳು ಹೋಗಲಿಲ್ಲ. ಕುಂಭಾರಿಯ ಹತ್ತಿರ ಒಂದು ಇಟ್ಟಿಗೆ ಭಟ್ಟಿಗೆ ಸೇರಿಕೊಂಡಳು.

ಆಮೇಲೆ ಒಂದು ದಿನ ಸಾತಲಿಂಗಪ್ಪ ಸಾವುಕಾರ ತಾನಾಗಿ ಹನ್ನೂರಿಗೆ ಬಂದ.

ಕಾರು ಊರ ಹೊರಗೇ ನಿಲ್ಲಿಸಿ ನಡೆದು ಬಂದಿದ್ದ. ಬಿಳಿ ಧೋತರ, ಹಣೆಗೆ ಮೂರು ಬೆರಳು ವಿಭೂತಿ. ಒಂದು ಕೈಯಲ್ಲಿ ಚೀಲ. ಚೀಲದಲ್ಲಿ ಸೀರೆ, ತೆಂಗಿನಕಾಯಿ. ಗಂಗುಬಾಯಿ ಕಂಬಳಿ ಹಾಸಿದಳು. ಜನಾಬಾಯಿ ಬಾಗಿಲಲ್ಲಿ ಉಣ್ಣೆ ನೂಲುತ್ತ ಕೂತಿದ್ದವಳು ತಕಲಿ ನಿಲ್ಲಿಸಿದಳು.

ಸಾವುಕಾರ ನೀರು ಕುಡಿದ. ಕೊನೆಗೆ ನೆಲ ನೋಡುತ್ತ ಮಾತು ತೆಗೆದ.

"ನಮ್ಮ ಮನಿಯಾಕಿ ತಬೇತ ಭಾಳ ಕೆಟ್ಟೈತಿ. ವಾಡೇದ ಕೆಲಸಾ ನೋಡಾಕಂತ ಅಕ್ಕಲಕೋಟಿಗೆ ಬಂದಾಕಿ ಅಲ್ಲೇ ಉಳದಾಳ. ಸೋಲಾಪುರಕ್ಕ ಬಾ ಅಂದ್ರ ಬರಾಂಗಿಲ್ಲ. ರೊಟ್ಟಿ ತಾಟಿಗೆ ಹಾಕಿದ್ರ, ಜ್ವಾಳಾ ನಾತ ಹೊಡೀತೈತಿ ಅಂತಾಳ. ಹೊಸಲಿ ಕೆಳಗ ಯಾರೋ ಕೆಮ್ಮತಾರ ಅಂತಾಳ. ಲಾಡ್ಜಿಗೆ ಬಂದ ಮಂದೀನೂ ಒಂದ ರಾತ್ರಿ ಇದ್ದು ಹೋಗತಾರ. ಯಾಕಂತ ಕೇಳಿದ್ರ ಹೇಳಾಂಗಿಲ್ಲ."

ಕೆಮ್ಮು ಇನ್ನೊಬ್ಬರಿಗೂ ಕೇಳಿಸಿದೆ.

"ಅದಕ್ಕ ನನ್ನ ಕಡೆ ಯಾಕ ಬಂದ್ರಿ?"

"ದೇವರ ಹೇಳಿಕಿ ಕೇಳಿಸೀವಿ. ಶಾಂತಿ ಮಾಡಬೇಕಂತ. ನಿಮ್ಮ ಬೀರೋಬಾ ದೇವರ ಭಂಡಾರ ಹಾಕಿ, ಎಡಿ ಇಟ್ಟು, ಅವನ ಹೆಂಡತಿ ತನ್ನ ಬಾಯಿಲೆ 'ಹೋಗಪಾ, ನಿನ್ನ ಋಣಾ ತೀರತು' ಅನಬೇಕಂತ. ಅಂದ್ರ ಹೋಗತಾನಂತ."

"ಯಾರು ಹೋಗತಾನ?"

ಸಾವುಕಾರ ಧೋತರದ ಚುಂಗು ಸರಿ ಮಾಡಿಕೊಂಡ.

"ನನ್ನ ಗಂಡನೇನು?"

"ಹೂಂ."

"ಎಲ್ಲಿಂದ ಹೋಗತಾನ?"

"ವಾಡೇದ ಮುಂದಿಂದ."

"ಸಾವಕಾರ್ರ, ನನ್ನ ಗಂಡ ಕುಡದ ಸತ್ತಾನ. ನಿಮ್ಮ ಮಗಾ ಊರಿಗೆಲ್ಲಾ ಹೇಳ್ಯಾನ. ತೋಲ ತಪ್ಪಿ ಬಿದ್ದು ಸತ್ತಾಂವ ಹಗೇವಿನಾಗ ಯಾಕ ಕೆಮ್ಮತಾನ? ನಿಮ್ಮ ಬೀದ್ಯಾಗ ಹಗೇವ ಎಲ್ಲೈತಿ? ನಾನ ಬಡದ ಮುಚ್ಚೀನಿ. ಹಗೇವ ಇಲ್ಲ. ಅಂವ ಇಲ್ಲ."

ಸಾವುಕಾರನ ವಿಭೂತಿಯ ಮೇಲೆ ಬೆವರು ಮೂಡಿತು. "ಆಗಿದ್ದು ಆಗಿ ಹೋತವ್ವಾ" ಅಂದ. ಚೀಲವನ್ನು ಕಂಬಳಿಯ ಮೇಲಿಟ್ಟು ಎದ್ದ. "ಐತವಾರ ಬರ್ರಿ. ಸೂರ್ಯಾ ಹುಟ್ಟೂದಕ್ಕಿಂತ ಮೊದಲ. ಹಿಂದಿನ ಬಾಗಲಾ ತೆರದ ಇಡಸತೀನಿ."

ಗಂಗುಬಾಯಿ ಚೀಲ ಎತ್ತಿ ಅವನ ಹಿಂದೆಯೇ ಓಡಿಹೋಗಿ ಕಾರಿನ ಮೇಲಿಟ್ಟು ಬಂದಳು. ಹೋಗುವುದಿಲ್ಲ ಎಂದು ಗಟ್ಟಿ ಮಾಡಿಕೊಂಡಳು.

ಜನಾಬಾಯಿ ಬಿಡಲಿಲ್ಲ. ಮಗ ಸತ್ತಂದಿನಿಂದ ಆ ಮುದುಕಿ ಸರಿಯಾಗಿ ಉಂಡಿರಲಿಲ್ಲ.

"ಗಂಗೂ, ಅಂವ ಬೆಳಗಿನ ಜಾವಕ ನನ್ನ ಕನಸಿನಾಗ ಬರತಾನ. ಬಾಯಿ ತುಂಬ ಮಣ್ಣ. ನೀರ ಕೊಡು ಅಂತಾನ. ನಾ ಚರಗಿ ಹಿಡದ್ರ ಬಾಯಿ ತೆರಿಯಾಕ ಬರಾಂಗಿಲ್ಲ ಅವಗ. ನಿನಗ ಸಿಟ್ಟ ದೊಡ್ಡದು. ನನಗ ಮಗಾ ದೊಡ್ಡಾಂವ."

"ಅತ್ತಿ, ಅವರ ಸುಖಕ್ಕ ಕರೀತಾರ. ಅವನ ಸುಖಕ್ಕ ಅಲ್ಲ."

"ಯಾರ ಸುಖಕ್ಕರೆ ಆಗಲಿ. ಅಂವ ಕತ್ತಲ್ಯಾಗ ಅದಾನ. ಹೆತ್ತ ಹೊಟ್ಟಿ ತಡೀಯಾಂಗಿಲ್ಲ. ಅದ ಹಗೇವಿನ ಸುದ್ದಿ ನಮ್ಮ ಅಜ್ಜಿ ಹೇಳತಿದ್ದಳು. ದೊಡ್ಡ ಬರ ಬಿದ್ದಾಗ ಸಾವಕಾರ್ರು ಜ್ವಾಳಾ ನೆಲದಾಗ ಮುಚ್ಚಿ ಇಟ್ಟರಂತ. ಮಂದಿ ಬಾಗಲ ಮುಂದ ಬಂದು ಬಿದ್ದು ಸತ್ತರಂತ. ಕೆಳಗ ಕಾಳ ಕೊಳೀತು, ಮ್ಯಾಲ ಮನಷ್ಯಾರ ಕೊಳತರು. ಅಂಥಾ ಜಾಗಾದಾಗ ನನ್ನ ಮಗಾನ್ನ ಬಿಡಬ್ಯಾಡ."

ಗಂಗುಬಾಯಿ ಅತ್ತೆಯ ಮುಖ ನೋಡಿದಳು. ಕಣ್ಣು ಒಣಗಿ ಗುಳಿ ಬಿದ್ದಿತ್ತು. ಒಪ್ಪಿದಳು.

ಐತವಾರ ಅವರು ಹೊರಟರು. ಅತ್ತೆ, ಸೊಸೆ, ಮಗಳು. ಸೂರ್ಯ ಹುಟ್ಟುವ ಮೊದಲು ಹೋಗಲಿಲ್ಲ. ಗಂಗುಬಾಯಿ ಬೇಕೆಂದೇ ತಡ ಮಾಡಿದಳು. ಕುರಿಗೆ ಮೇವು ಹಾಕಿದಳು, ಅಂಗಳ ಸಾರಿಸಿದಳು, ಎಡೆಗೆಂದು ರೊಟ್ಟಿ ಬಡಿದಳು. ಮುಟ್ಟುವ ಹೊತ್ತಿಗೆ ಬಿಸಿಲು ಏರಿತ್ತು. ವಾಡೆ ಬೀದಿಯ ತುಂಬ ಯಾತ್ರಿಕರು. ಅಂಗಡಿಗಳು ತೆರೆದಿದ್ದವು.

ಸಿದ್ಧೇಶ್ವರ ಹಿತ್ತಲ ಬಾಗಿಲಲ್ಲಿ ಕಾದು ಕಾದು ಕೆಂಪಾಗಿದ್ದ.

"ಇದೇನ ಬರೂ ಹೊತ್ತೇನು? ಬರ್ರಿ ಒಳಗ. ಹಿಂದ ಅಂಗಳದಾಗ ಎಲ್ಲಾ ಸಜ್ಜ ಮಾಡೀವಿ. ಲಗೂ ಮುಗಸ್ರಿ."

"ಅಂಗಳದಾಗ ಅಂವ ಸತ್ತಿಲ್ರಿ," ಅಂದಳು ಗಂಗುಬಾಯಿ.

ತಿರುಗಿ ವಾಡೆಯ ಪಕ್ಕದ ಸಂದಿಯಿಂದ ಬೀದಿಗೆ ನಡೆದಳು. ಅತ್ತೆ ಮಗಳು ಹಿಂಬಾಲಿಸಿದರು. ಆ ಕಲ್ಲು ಯಾವುದೆಂದು ಅವಳು ಹುಡುಕಬೇಕಾಗಿರಲಿಲ್ಲ. ಕಾಲು ಭಾರವಾದಲ್ಲಿ ನಿಂತಳು. ಸೆರಗಿನ ಗಂಟು ಬಿಚ್ಚಿ ರೊಟ್ಟಿ ಇಟ್ಟಳು. ಚಿಟಿಕೆ ಭಂಡಾರ ಹಾಕಿದಳು. ಕರಿಕಲ್ಲಿನ ಮೇಲೆ ಹಳದಿ ಚೆಲ್ಲಿತು. ಫೋಟೋ ತೆಗೆಯುತ್ತಿದ್ದವರು ನಿಂತು ನೋಡಿದರು. ಅಂಗಡಿಯವರು ಇಳಿದು ಬಂದರು.

ಸಿದ್ಧೇಶ್ವರ ಓಡಿ ಬಂದು ಹಲ್ಲು ಕಚ್ಚಿ ಮೆಲ್ಲಗೆ ಅಂದ. "ಅನ್ನೂದ ಅಂದು ನಡೀ ಇಲ್ಲಿಂದ."

ಜನಾಬಾಯಿ ಅವನ ಮುಂದೆ ಬಂದಳು. ಅವನ ಎದೆಯ ಮಟ್ಟಕ್ಕೂ ಬರದ ಮುದುಕಿ. ಎರಡೂ ಕೈ ಜೋಡಿಸಿದಳು.

"ಯಪ್ಪಾ, ಒಂದ ಮಾತ ಕೇಳತೀನಿ. ನನಗ ನಿನ್ನ ಮ್ಯಾಲ ಸಿಟ್ಟಿಲ್ಲ. ಒಂದ ಖರೆ ಹೇಳು. ಅವತ್ತ ನನ್ನ ಮಗಾ ಕುಡದಿದ್ದನೇನು?"

ಸುತ್ತ ಮಂದಿ ನೆರೆದಿತ್ತು. ಸಿದ್ಧೇಶ್ವರ ಆ ಕಡೆ ಈ ಕಡೆ ನೋಡಿದ. ಪರಿಚಯದವರ ಮುಖ. ಯಾತ್ರಿಕರ ಮುಖ. ಯಾರದೋ ಕೈಯಲ್ಲಿ ಎತ್ತಿ ಹಿಡಿದ ಮೊಬೈಲು.

"ಕುಡದಿದ್ದ, ಆಯಿ," ಅಂದ. "ನಾ ಏನ ಮಾಡ್ಲಿ. ಕುಡದಿದ್ದ."

ಜನಾಬಾಯಿ ಜೋಡಿಸಿದ ಕೈ ಬಿಚ್ಚಿದಳು. ಬಗ್ಗಿ ಎಡೆಯ ರೊಟ್ಟಿ ಎತ್ತಿ ಸೊಸೆಯ ಕೈಗೆ ಕೊಟ್ಟಳು. ಆಮೇಲೆ ಸೀರೆ ಸಾವರಿಸಿಕೊಂಡು ಆ ಕಲ್ಲಿನ ಮೇಲೆ ಕಾಲು ಮಡಚಿ ಕೂತಳು.

"ಗಂಗೂ," ಅಂದಳು. "ಹೋಗು ಅನಬ್ಯಾಡ ಅವಗ."

ಗಂಗುಬಾಯಿ ಅತ್ತೆಯ ಪಕ್ಕದಲ್ಲಿ ಮೊಣಕಾಲೂರಿದಳು. ತಿಂಗಳುಗಟ್ಟಲೆ ಒಳಗೇ ಕೊಳೆತಿದ್ದ ಮಾತು ಈಗ ಬಂದಿತು. ಅವಳು ಕೂಗಲಿಲ್ಲ. ಅಂಗೈಯನ್ನು ಕಲ್ಲಿಗೆ ಹಚ್ಚಿ, ಮಲಗಿದವನನ್ನು ಎಬ್ಬಿಸುವವಳ ಹಾಗೆ ಮಾತಾಡಿದಳು.

"ಕೇಳಾಕತ್ತೀಯಲ್ಲ. ನಿನ್ನ ಅವ್ವ ಕುಂತಾಳ, ಮಗಳು ನಿಂತಾಳ. ನಿನಗ ನೀರಡಿಸೇತಿ, ನನಗ ಗೊತ್ತೈತಿ. ಹೋಗು ಅನ್ನಾಕ ಕರಸ್ಯಾರ ನನ್ನ. ನಾ ಅನ್ನಾಂಗಿಲ್ಲ. ನೀ ಇಲ್ಲೇ ಇರು. ಇವರು ಖರೆ ಹೇಳೂತನಕ ಇವರ ಹೊಸಲಿ ಬಿಡಬ್ಯಾಡ. ಇವರ ಅನ್ನದಾಗ ಇರು, ನಿದ್ದ್ಯಾಗ ಇರು. ಕೆಮ್ಮು. ನಿನ್ನ ಪಾಪಾ ನನಗ ಬರಲಿ."

ಸೋನಾಲಿ ಬಿಕ್ಕಿದಳು.

"ಎಬ್ಬಸ್ರಿ ಇವರನ್ನ," ಅಂದ ಸಿದ್ಧೇಶ್ವರ. ಮೇಸ್ತ್ರಿಯೂ ಇನ್ನೊಬ್ಬನೂ ಮುಂದೆ ಬಂದರು. ಮೇಸ್ತ್ರಿ ಜನಾಬಾಯಿಯ ರಟ್ಟೆಗೆ ಕೈ ಹಾಕಿದ. ಮುದುಕಿ ಕಲ್ಲಿಗಿಂತ ಭಾರವಾಗಿದ್ದಳು.

"ಬಿಡು ಆಕಿನ್ನ."

ಮಾತು ವಾಡೆಯ ಬಾಗಿಲಿನಿಂದ ಬಂದಿತ್ತು. ಸಾವುಕಾರನ ಹೆಂಡತಿ ಕಸ್ತೂರಬಾಯಿ ಹೊಸ್ತಿಲಲ್ಲಿ ನಿಂತಿದ್ದಳು. ಕೆದರಿದ ಬಿಳಿ ಕೂದಲು. ಉಟ್ಟ ಸೀರೆ ಮೈಯಿಂದ ಜಾರುವಷ್ಟು ಸೊರಗಿದ್ದಳು. ಬಾಗಿಲ ಚೌಕಟ್ಟು ಹಿಡಿದು ಒಂದೊಂದೇ ಮೆಟ್ಟಿಲು ಇಳಿದಳು. ಕೈಗೆ ಆಸರೆಯಾಗಿದ್ದ ಗೋಡೆ ಮುಗಿದಲ್ಲಿ ನಿಂತಳು.

"ಅಂವ ಕುಡದಿರಲಿಲ್ಲ."

"ಅವ್ವಾ, ಒಳಗ ನಡಿ," ಅಂದ ಸಿದ್ಧೇಶ್ವರ. "ಆಕಿ ತಬೇತ ಬರೋಬರಿ ಇಲ್ರಿ," ಎಂದು ಮಂದಿಗೆ ಹೇಳಿದ.

"ನಾ ಮಾಳಗಿ ಕಿಡಕ್ಯಾಗ ನಿಂತಿದ್ದೆ. ಎಲ್ಲಾ ನೋಡೀನಿ. ಹವಾ ಕೆಟ್ಟೈತಿ ಅಂದ. ಎರಡ ದಿನಾ ತಡೀರಿ ಅಂದ. ಒಲ್ಲೆ ಅಂದ. ನೀ ಇಳಸಿದಿ, ಸಿದ್ದೂ. ಇಡೀ ಊರಿನವರ ಕೆಲಸಾ ಕಳೀತೀನಿ ಅಂದು ಇಳಸಿದಿ."

"ನೋಡಿದ್ರಿ," ಅಂದಳು ಗಂಗುಬಾಯಿ. ಎದ್ದು ನಿಂತಳು. "ನೋಡಿ, ಅವತ್ತ ಯಾಕ ಕೂಗಲಿಲ್ರಿ?"

ಕಸ್ತೂರಬಾಯಿ ತಲೆಯೆತ್ತಿ ಮಾಳಿಗೆಯ ಕಿಟಕಿಯ ಕಡೆ ನೋಡಿದಳು.

"ಇಲ್ಲಿ ಅಂದದ್ದು ಗಾಳಿಗೆ ಹೋಗತೈತ್ರಿ," ಅಂದಳು ಗಂಗುಬಾಯಿ. "ಠಾಣೇದಾಗ ಹೇಳತೀರೇನು?"

ಸಿದ್ಧೇಶ್ವರ ತಾಯಿಯ ತೋಳು ಹಿಡಿದ. ಮೇಸ್ತ್ರಿಯ ಕಡೆ ತಿರುಗಿ, "ಗಾಡಿ ತಗೊಂಡ ಬಾ, ಸೋಲಾಪುರಕ್ಕ ಒಯ್ಯಬೇಕು," ಅಂದ. ಮೇಸ್ತ್ರಿ ಎರಡು ಹೆಜ್ಜೆ ಓಡಿ ನಿಂತ. ಬೀದಿಯೊಳಗೆ ಗಾಡಿ ಬರುವಂತಿಲ್ಲ. ತುದಿಯಲ್ಲಿ ಕಂಬಗಳನ್ನು ನೆಟ್ಟವರು ಅವರೇ.

ಕಸ್ತೂರಬಾಯಿ ಮಗನ ಕೈಯನ್ನು ಬೆರಳು ಬೆರಳಾಗಿ ಬಿಡಿಸಿಕೊಂಡಳು.

"ನನಗ ನಡಿಯಾಕ ಆಗಾಂಗಿಲ್ಲ, ಮೊಣಕಾಲ ಹೋಗ್ಯಾವ," ಅಂದಳು ಗಂಗುಬಾಯಿಗೆ. "ನಿನ್ನ ಹೆಗಲ ಕೊಡತಿ?"

ಗಂಗುಬಾಯಿ ಆ ಮುಖವನ್ನೇ ನೋಡಿದಳು. ಈ ಹೆಂಗಸು ಕಿಟಕಿಯಲ್ಲಿ ನಿಂತು ನೋಡಿದ್ದಾಳೆ. ಟೆಂಪೋ ಹೋಗುವುದನ್ನು ನೋಡಿದ್ದಾಳೆ. ಆಮೇಲೆ ತಾನು ಅದೇ ಜಾಗವನ್ನು ಬಡಿಯುವುದನ್ನೂ ನೋಡಿರಬೇಕು. ನೋಡಿ, ಕಿಟಕಿ ಮುಚ್ಚಿಕೊಂಡು ಉಣ್ಣಲು ಕೂತಿರಬೇಕು. ಕೈ ಹಾಕಿ ದಬ್ಬಿಬಿಡಬೇಕು ಅನಿಸಿತು. ದಬ್ಬಲಿಲ್ಲ. ಹೆಗಲು ಕೊಟ್ಟಳು. ಇಟ್ಟಿಗೆ ಹೊತ್ತ ಹೆಗಲಿಗೆ ಆ ಮುದುಕಿ ಏನೂ ಭಾರವಿರಲಿಲ್ಲ.

"ಸೋನಾಲಿ, ಆಯಿ ಹಂತ್ಯಾಕ ಕುಂದ್ರು. ನಾ ಬರೂತನಕ ಆಕಿನ್ನ ಯಾರೂ ಎಬ್ಬಸಬಾರದು."

ಸೋನಾಲಿ ಅಜ್ಜಿಯ ಪಕ್ಕ ಕೂತಳು. ಅವಳನ್ನು ನೋಡಿ ಬಳೆ ಮಾರುವ ಹೆಂಗಸೊಬ್ಬಳು ಬುಟ್ಟಿ ಇಳಿಸಿ ಅಲ್ಲೇ ಕೂತಳು. ಆಮೇಲೆ ಇನ್ನೊಬ್ಬಳು. ಮೇಸ್ತ್ರಿ ಹತ್ತಿರ ಬರಲಿಲ್ಲ.

ಇಬ್ಬರು ಹೆಂಗಸರು ನಡು ಬೀದಿಯಲ್ಲಿ ನಡೆದರು. ಕಸ್ತೂರಬಾಯಿಯ ಕಾಲಲ್ಲಿ ಚಪ್ಪಲಿ ಇರಲಿಲ್ಲ, ಕಲ್ಲು ಬಿಸಿಲಿಗೆ ಕಾದಿತ್ತು. ಹತ್ತು ಹೆಜ್ಜೆಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳಬೇಕಾಯಿತು. ಕಟ್ಟೆಗಳ ಮೇಲೆ ಸಾವುಕಾರರ ಮನೆಯವರು ಬಂದು ನಿಂತಿದ್ದರು. ಯಾರೋ "ಮಾವಶಿ, ಕುಠ ನಿಘಾಲಾತ?" ಎಂದು ಮರಾಠಿಯಲ್ಲಿ ಕೇಳಿದರು. ಎಲ್ಲಿಗೆ ಹೊರಟಿರಿ ಎಂದು. ಕಸ್ತೂರಬಾಯಿ ತಲೆ ಎತ್ತಲಿಲ್ಲ.

"ಪೋ‌ಲೀಸ ಠಾಣೇಕ," ಅಂದಳು ಗಂಗುಬಾಯಿ. "ಅಮೋಗಸಿದ್ಧ ಹ್ಯಾಂಗ ಸತ್ತ ಅಂತ ಹೇಳಾಕ."

ಮುಂದಿನ ಕಟ್ಟೆಯವರು ಕೇಳುವ ಮೊದಲೇ ಮತ್ತೆ ಅಂದಳು. ಅದರ ಮುಂದಿನವರಿಗೂ ಅಂದಳು. ಬೀದಿ ಮುಗಿಯುವತನಕ ಅನ್ನುತ್ತಲೇ ಹೋದಳು. ಪ್ರತಿ ಸಲ ಗಂಡನ ಹೆಸರನ್ನು ಬಾಯಿ ತುಂಬ ಹೇಳಿದಳು. ಅವನಿದ್ದಾಗ ಒಮ್ಮೆಯೂ ಹೆಸರು ಹಿಡಿದು ಕರೆದವಳಲ್ಲ.

ಠಾಣೆಯ ಮೆಟ್ಟಿಲು ಮುಟ್ಟಿದಾಗ ಕಸ್ತೂರಬಾಯಿ ಏದುಸಿರು ಬಿಡುತ್ತಿದ್ದಳು. ಅಂಗಾಲು ಸುಟ್ಟು ಕೆಂಪಾಗಿತ್ತು. ಒಳಗೆ ಪೋಲೀಸನೊಬ್ಬ ಇವರನ್ನು ನೋಡಿ ಕುರ್ಚಿಯಿಂದ ಎದ್ದ. ಕಸ್ತೂರಬಾಯಿ ಮೆಟ್ಟಿಲ ಮೇಲೆ ಕಾಲಿಡದೆ ಗಂಗುಬಾಯಿಯ ಕಡೆ ತಿರುಗಿದಳು.

"ನನ್ನ ಮ್ಯಾಲ ಸಿಟ್ಟ ಐತೇನು?"

"ಐತ್ರಿ," ಅಂದಳು ಗಂಗುಬಾಯಿ. "ಮೆಟ್ಟಲಾ ಹತ್ರಿ."